ಪ್ಲೇಟಿನಲ್ಲಿ ಬೆಳೆದ ಕೈ

ಕೈ ತೊಳೆಯುವುದರಲ್ಲಿ ಅವನನ್ನು ಮೀರಿಸುವವರು ಆ ಆಸ್ಪತ್ರೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹಾಗೆಂದು ಐಸಿಯು ಮುಖ್ಯ ಡಾಕ್ಟರಾದ ಅವನೇ ನಂಬಿದ್ದ, ಉಳಿದವರು ಹೂಂಗುಟ್ಟಿದ್ದರು. ಐಸಿಯು ಬಾಗಿಲ ಪಕ್ಕದ ಬೇಸಿನ್ನಿನ ಮುಂದೆ ನಿಂತು, ವಾಚು ಬಿಚ್ಚಿ ಜೇಬಿಗಿಟ್ಟು, ತೋಳು ಮೇಲಕ್ಕೆ ಮಡಿಸಿ, ನಲ್ಲಿಯನ್ನು ಮೊಣಕೈಯಿಂದಲೇ ತಳ್ಳಿ, ಬೆರಳ ಸಂದಿ, ಅಂಗೈಯ ಗೆರೆ, ಮಣಿಕಟ್ಟು ಎಂದು ಒಂದೊಂದನ್ನೂ ಹಾಜರಿ ಕರೆದಂತೆ ತಿಕ್ಕುವಾಗ ಹೊಸ ಡಾಕ್ಟರುಗಳು ಹಿಂದೆ ಸಾಲಾಗಿ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ಅವನು ಕೊಂಚ ನಿಧಾನ ಮಾಡುತ್ತಿದ್ದ. ಇವತ್ತೂ ನಿಧಾನ ಮಾಡಿದ. ಬಲಗೈಯ ಹೆಬ್ಬೆರಳಿಗೆ ಬಂದಾಗ ಮಾತ್ರ ತಿಕ್ಕುವುದು ತಾನಾಗಿಯೇ ಹಗುರಾಯಿತು. ಎಷ್ಟೋ ವರ್ಷಗಳ ಹಿಂದೆ ಕಾರಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋದ ಉಗುರು ಅದು. ಉದುರಿ ಮತ್ತೆ ಬೆಳೆದಾಗ ದಪ್ಪಗೆ, ಏರುತಗ್ಗಾಗಿ ಬೆಳೆದಿತ್ತು, ಒತ್ತಿದರೆ ನೋಯುತ್ತಿತ್ತು. ಈಚೆಗೆ ಅದರ ಅಂಚಿನಲ್ಲಿ ತುಸು ಹಸಿರು ಛಾಯೆ ಕಾಣಿಸಿಕೊಂಡಿತ್ತು. ಹೆಂಡತಿ ಊಟಕ್ಕೆ ಕೂತಾಗ ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿ, "ಇದನ್ನ ಯಾರಿಗಾದ್ರೂ ತೋರಿಸಬಾರದಾ" ಎಂದಿದ್ದಳು. "ಊರೆಲ್ಲ ಈ ಕೈಗೆ ತೋರಿಸ್ಕೊಳ್ಳೋಕೆ ಬರತ್ತೆ. ಈ ಕೈನ ನಾನು ಇನ್ಯಾರಿಗೆ ತೋರಿಸ್ಲಿ" ಎಂದು ಅವನು ನಕ್ಕಿದ್ದ. ಆ ಮಾತು ತನಗೇ ಬಹಳ ಹಿಡಿಸಿ, ಮಾರನೆಯ ದಿನ ಅದನ್ನು ಆಸ್ಪತ್ರೆಯಲ್ಲಿ ಇನ್ನಿಬ್ಬರಿಗೆ ಹೇಳಿಕೊಂಡಿದ್ದ.

ಕೈಗುಣ ಎಂಬ ಮಾತನ್ನು ಅವನು ನಾಲ್ಕು ಜನರೆದುರು ತಳ್ಳಿಹಾಕುತ್ತಿದ್ದ, ಒಳಗೊಳಗೆ ಸಾಕಿಕೊಂಡಿದ್ದ. ರೌಂಡ್ಸಿನಲ್ಲಿ ಪ್ರತಿ ಹಾಸಿಗೆಯ ಪಕ್ಕ ಗ್ಲೋವ್ಸ್ ಕಳಚಿ, ಕೈಗೆ ಸ್ಪಿರಿಟ್ ಸವರಿಕೊಂಡು, ಬರಿಯ ಅಂಗೈಯನ್ನು ರೋಗಿಯ ಹಣೆಯ ಮೇಲಿಡುವುದು ಅವನ ಪದ್ಧತಿ. ಮಾನಿಟರಿನ ಅಂಕಿಗಳನ್ನು ಆಮೇಲೆ ನೋಡುತ್ತಿದ್ದ. "ಜ್ವರ ಮೆಷಿನ್ನಿಗೂ ಗೊತ್ತಾಗತ್ತೆ ಕಣ್ರಯ್ಯಾ, ಮನುಷ್ಯ ಗೊತ್ತಾಗೋದು ಕೈಗೆ ಮಾತ್ರ" ಎಂದು ಹೊಸಬರಿಗೆ ಹೇಳುತ್ತಿದ್ದ. ಹಣೆಯಿಂದ ಕೈ ಇಳಿಸುವಾಗ, ಉಸಿರಿನ ಟ್ಯೂಬನ್ನು ಬಾಯಿಯ ಅಂಚಿಗೆ ಹಿಡಿದಿಟ್ಟ ಅಂಟುಪಟ್ಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಸರಿಮಾಡುವುದು, ಮಲಗಿದ ಮಗುವಿನ ಹೊದಿಕೆ ಎಳೆದ ಹಾಗೆ, ಅದೂ ಅಭ್ಯಾಸ. ಹಾಗೆ ಒತ್ತಿದಾಗ ಪ್ರಜ್ಞೆಯಿಲ್ಲದವರ ಮುಖವೂ ಸಡಿಲಾಗುತ್ತದೆಂದು ಅವನಿಗೆ ಅನಿಸುತ್ತಿತ್ತು. ಹೆಂಡತಿಯ ತಾಯಿ ಬದುಕಿದ್ದಾಗ ಬೇರೆ ಯಾರು ಕೊಟ್ಟ ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಅಳಿಯಂದಿರು ಬರಲಿ ಎಂದು ಸಂಜೆಯತನಕ ಕಾಯುತ್ತಿದ್ದರು. ಹೆಂಡತಿಯ ತಂಗಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಅವಳೂ ಡಾಕ್ಟರು, ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣುಗಳನ್ನು ಬೆಳೆಸಿ ಯಾವುದಕ್ಕೆ ಯಾವ ಔಷಧಿ ನಾಟುತ್ತದೆಂದು ಹೇಳುವವಳು. "ಭಾವನ ಕೈಗೊಂದು ಚೌಕಟ್ಟು ಹಾಕ್ಸಿ ಗೋಡೆಗೆ ನೇತುಹಾಕೋದು ಒಂದು ಬಾಕಿ ಇದೆ ಈ ಮನೇಲಿ" ಎನ್ನುತ್ತಿದ್ದಳು. ಅವನು ಆ ಗೇಲಿಯನ್ನೂ ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬಟ್ಟೆ ಹೊಲಿಯುವ ಟೈಲರ್ ಒಬ್ಬಳು ಮಲಗಿದ್ದಳು. ಅಪೆಂಡಿಕ್ಸ್ ಒಡೆದು, ಕೀವು ಹೊಟ್ಟೆಯೆಲ್ಲ ಹರಡಿ ಬಂದವಳು. ಅದರಿಂದ ಚೇತರಿಸಿಕೊಂಡಳು ಎನ್ನುವಾಗ ಹೊಸ ಜ್ವರ. ಉಸಿರಿನ ಟ್ಯೂಬಿನಿಂದ ತೆಗೆದ ಕಫದಲ್ಲಿ ಆ ಹಾಳು ರೋಗಾಣು ಸಿಕ್ಕಿತ್ತು. ಕಪಾಟಿನಲ್ಲಿರುವ ಯಾವ ಆ್ಯಂಟಿಬಯೋಟಿಕ್ಕಿಗೂ ಅದು ಕ್ಯಾರೇ ಅನ್ನುವುದಿಲ್ಲ. ಕಿಡ್ನಿ ಕೆಡಿಸುತ್ತದೆಂದು ಒಂದು ಕಾಲದಲ್ಲಿ ಮೂಲೆಗೆ ತಳ್ಳಿದ್ದ ಹಳೆಯ ಔಷಧಿಯೊಂದೇ ಉಳಿದದ್ದು. ಅದನ್ನು ನಿನ್ನೆ ಶುರುಮಾಡಿದ್ದರು. ಅವಳ ಪಕ್ಕದ ಹಾಸಿಗೆಯವರಿಗೂ ಅದೇ ರೋಗಾಣು. ಅದಕ್ಕೂ ಮೊದಲು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನಿಗೆ ಬಂದಿತ್ತು, ಆತ ಹೋದ ವಾರ ತೀರಿಕೊಂಡ. ಆತನ ಮಗನ ಹೆಗಲ ಮೇಲೆ ಇದೇ ಕೈ ಇಟ್ಟು "ನಮ್ಮ ಕೈಲಾದ್ದೆಲ್ಲಾ ಮಾಡಿದ್ವಿ" ಎಂದಿದ್ದ. ಹೇಳುವಾಗ ಗಂಟಲು ನಿಜವಾಗಿಯೇ ಕಟ್ಟಿತ್ತು. ಹಾಗೆ ಕಟ್ಟಿದ್ದು ಮಗನಿಗೆ ಕಂಡಿತು ಎಂಬುದನ್ನೂ ಅವನು ಗಮನಿಸಿದ್ದ. ಈಗ ಟೈಲರಳ ಹಣೆ ಮುಟ್ಟಿದರೆ ಸುಡುತ್ತಿತ್ತು. ಅವಳ ಎಡಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮವಿತ್ತು. ಕೆಲಸ ಮಾಡಿದ ಕೈ ಎಂದರೆ ಅವನಿಗೆ ಗೌರವ. ಅಂಟುಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಂದೆ ಹೋದ.

ಹೊರಗೆ, ಬಾಗಿಲಿಗೆ ಆತುಕೊಂಡಂತೆ ಹಾಕಿದ್ದ ಕುರ್ಚಿಯಲ್ಲಿ ಟೈಲರಳ ಅತ್ತೆ ಕೂತಿದ್ದಳು. ಸೊಸೆ ಒಳಗೆ ಹೋದಾಗಿನಿಂದ ಆ ಕುರ್ಚಿ ಅವಳದೇ. ಬೇರೆಯವರು ಕೂತರೆ ಏಳುವತನಕ ಎದುರಿಗೇ ನಿಂತಿರುತ್ತಾಳೆ. "ಕೈ ಇಟ್ರಾ ಡಾಕ್ಟ್ರೇ?" ಎಂದಳು. ದಿನಾ ಕೇಳುವ ಪ್ರಶ್ನೆ. "ಇಟ್ಟೆ ಅಮ್ಮಾ" ಎಂದ. "ಹಂಗಾದ್ರೆ ಸರಿ. ಮೊನ್ನೆ ನೀವು ರಜಾ ಹಾಕಿದ್ರಲ್ಲ, ಅವತ್ತು ನನಗೆ ಊಟಾನೇ ಸೇರಲಿಲ್ಲ. ಆ ಮಷಿನ್ನು ಗಿಷಿನ್ನು ಏನಾದ್ರೂ ಮಾಡ್ಕೊಳ್ಳಲಿ, ನಿಮ್ಮ ಕೈ ಒಂದ್ಸಲ ಬೀಳ್ಬೇಕು ಅವಳ ಮೇಲೆ." ಅವನು ನಕ್ಕು, ಹಾಗೆಲ್ಲ ಇಲ್ಲಮ್ಮಾ, ಔಷಧಿ ಕೆಲಸ ಮಾಡಬೇಕು ಎಂದ. ಹೇಳಿದ ರೀತಿ ಹೇಗಿತ್ತೆಂದರೆ ಕೇಳಿದವರು ಇನ್ನಷ್ಟು ನಂಬಬೇಕು.

ರೋಗಾಣು ಹಾಸಿಗೆಯಿಂದ ಹಾಸಿಗೆಗೆ ತಾನಾಗಿ ನಡೆದು ಹೋಗುವುದಿಲ್ಲ, ಯಾರದೋ ಕೈ ಹಿಡಿದು ಹೋಗುತ್ತದೆ. ನಲ್ಲಿ, ನೀರು, ಮಂಚ, ಮೆಷಿನ್ನು ಎಲ್ಲವನ್ನೂ ಲ್ಯಾಬಿನವರು ಪರೀಕ್ಷಿಸಿ ಮುಗಿಸಿದ್ದರು. ಇನ್ನು ಉಳಿದದ್ದು ಮನುಷ್ಯರು. ಒಳಗೆ ಕೆಲಸ ಮಾಡುವ ಎಲ್ಲರೂ ರೋಗಾಣು ಬೆಳೆಯುವ ಅಗರ್ ತುಂಬಿದ ಪ್ಲೇಟಿನ ಮೇಲೆ ಬಲಗೈ ಒತ್ತಿಕೊಡಬೇಕು ಎಂದು ಅವನೇ ಹೇಳಿದ್ದ. ನಾದಿನಿ, ಹೆಸರು ಬೇಡ, ನಂಬರು ಹಾಕೋಣ, ಯಾರಿಗೂ ನೋವಾಗಬಾರದು ಎಂದಳು. ಅವನು ಕೇಳಲಿಲ್ಲ. "ನನ್ನ ಐಸಿಯುನಲ್ಲಿ ಬಚ್ಚಿಡೋ ವ್ಯವಹಾರ ಇಲ್ಲ. ಮುಚ್ಚಳದ ಮೇಲೆ ಹೆಸರು ಬರೀರಿ, ಎಲ್ಲಾ ಪ್ಲೇಟೂ ಮೀಟಿಂಗ್ ಮೇಜಿನ ಮೇಲೆ ಬರ್ಲಿ. ಮೊದಲು ನನ್ನದು" ಎಂದು ಎಲ್ಲರೆದುರು ಮೊದಲ ಪ್ಲೇಟಿನ ಮೇಲೆ ಅಂಗೈ ಊರಿದ್ದ. ಫೋಟೋಕ್ಕೆ ನಿಂತವನ ಹಾಗೆ ಊರಿದ್ದೆ ಎಂದು ಆಮೇಲೆ ಅನಿಸಿತ್ತು, ಆದರೆ ನಾಚಿಕೆಯಾಗಿರಲಿಲ್ಲ. ಯಾರದಿರಬಹುದು ಎಂಬ ಬಗ್ಗೆಯೂ ಅವನಿಗೆ ಒಂದು ಊಹೆ ಇತ್ತು. ಬಣ್ಣದ ಸಿಸ್ಟರ್. ಹಾಗೆಂದರೆ ಆ ಹುಡುಗಿಗೆ ಅವನಿಂದಾಗಿಯೇ ಬಂದ ಹೆಸರು. ಅಕ್ಕನ ಮದುವೆ ಮುಗಿಸಿಕೊಂಡು ನೇರ ಡ್ಯೂಟಿಗೆ ಬಂದಿದ್ದಳು, ಉಗುರಿನ ಬಣ್ಣ ತೆಗೆಯಲು ಮರೆತಿದ್ದಳು. ಅವನು ಅವಳ ಮಣಿಕಟ್ಟು ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, "ಇದೇನಮ್ಮಾ, ನರ್ಸ್ ಕೈನಾ, ನಾಟಕದವರ ಕೈನಾ? ಒಂದು ಉಗುರಿನ ಕೆಳಗೆ ಒಂದು ಸ್ಮಶಾನಕ್ಕಾಗೋವಷ್ಟು ರೋಗ ಇರತ್ತೆ, ಗೊತ್ತಾ" ಎಂದಿದ್ದ. ಅವಳು ಅಳಲಿಲ್ಲ. ಎತ್ತಿದ ಕೈಯನ್ನು ಅವನು ಬಿಟ್ಟ ಮೇಲೂ ಒಂದು ಕ್ಷಣ ಹಾಗೆಯೇ ಎತ್ತಿಕೊಂಡಿದ್ದಳು. ಅದು ಯಾಕೋ ಅವನಿಗೆ ನೆನಪಿನಲ್ಲಿ ಉಳಿದಿತ್ತು, ಬೂಟಿನೊಳಗೆ ಸೇರಿದ ಸಣ್ಣ ಕಲ್ಲಿನ ಹಾಗೆ. ಆದರೂ ಆ ಮಾತು ಚೆನ್ನಾಗಿತ್ತು ಎಂದೇ ಅವನ ಅಭಿಪ್ರಾಯ.

ಮೀಟಿಂಗಿಗೆ ಇನ್ನೂ ಹೊತ್ತಿರುವಾಗ ನಾದಿನಿ ಫೋನು ಮಾಡಿ ಲ್ಯಾಬಿಗೆ ಕರೆದಳು. ಅವಳ ಕೋಣೆಯ ಬಾಗಿಲು ಯಾವತ್ತೂ ತೆರೆದಿರುತ್ತದೆ; ಇವತ್ತು ಅವನು ಒಳಗೆ ಬಂದ ಮೇಲೆ ಅವಳೇ ಎದ್ದು ಮುಚ್ಚಿದಳು. ಗೇಲಿ ಮಾಡಲಿಲ್ಲ. ಅದರಿಂದಲೇ ಅವನಿಗೆ ಏನೋ ಸರಿಯಿಲ್ಲ ಅನಿಸಿದ್ದು. ಮೇಜಿನ ಮೇಲೆ ಒಂದೇ ಒಂದು ಪ್ಲೇಟು. ಅದರಲ್ಲಿ ಒಂದು ಕೈ ಬೆಳೆದಿತ್ತು. ಉಳಿದ ಬೆರಳುಗಳು ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆಗಳಾಗಿ, ಬರೆದು ಅಳಿಸಿದಂತೆ ಮಸುಕಾಗಿದ್ದವು. ಹೆಬ್ಬೆರಳು ಮಾತ್ರ ದಟ್ಟವಾಗಿ, ತುಂಬಿಕೊಂಡು, ಸುತ್ತ ಹಸಿರು ಬಿಟ್ಟುಕೊಂಡು ನಿಂತಿತ್ತು. ಉಗುರಿನ ಏರುತಗ್ಗು ಕೂಡ ಗೊತ್ತಾಗುವಂತಿತ್ತು. ಅವಳು ಮುಚ್ಚಳ ತುಸು ಸರಿಸಿದಾಗ ದ್ರಾಕ್ಷಿ ಹಣ್ಣಿನ ವಾಸನೆ ಬಂತು. ಆ ರೋಗಾಣುವಿನ ವಾಸನೆ ಅದು. ಮೆಡಿಕಲ್ ಓದುವಾಗ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತಗೊಂಡಿದ್ದ.

"ನಂದಾ?" ಎಂದ.

"ಹೂಂ ಭಾವ."

"ಟೈಲರ್ ಕಫದಲ್ಲಿ ಸಿಕ್ಕಿದ್ದೇನಾ ಇದು?"

"ಔಷಧಿಗಳನ್ನೆಲ್ಲ ಇಟ್ಟು ನೋಡ್ದೆ. ಅದು ಯಾವುದಕ್ಕೆ ಬಗ್ಗಲ್ವೋ ಇದೂ ಅದಕ್ಕೆ ಬಗ್ಗಲ್ಲ. ಅದು ಬಗ್ಗೋ ಒಂದಕ್ಕೇ ಇದೂ ಬಗ್ಗೋದು. ಪೋಸ್ಟ್‌ಮ್ಯಾನ್‌ದೂ ಹಾಗೇ ಇತ್ತು." ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ನೂರಕ್ಕೆ ನೂರು ಹೇಳ್ಬೇಕು ಅಂದ್ರೆ ಹೊರಗಿನ ಲ್ಯಾಬಿಗೆ ಕಳಿಸ್ಬೇಕು. ನನಗೇನೂ ಅನುಮಾನ ಇಲ್ಲ. ಆ ಉಗುರಿನ ಕೆಳಗೆ ಮನೆ ಮಾಡ್ಕೊಂಡಿದೆ. ನೀವು ಎಷ್ಟು ತೊಳೆದ್ರೂ ಅಲ್ಲಿಗೆ ಸೋಪು ಹೋಗಲ್ಲ, ಸ್ಪಿರಿಟ್ಟೂ ಹೋಗಲ್ಲ."

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಬೆಳಿಗ್ಗೆ ಅಂಟುಪಟ್ಟಿಯ ಮೇಲೆ ಒತ್ತಿದ್ದು ಈಗಲೂ ಬೆರಳಿಗೆ ತಾಗುತ್ತಿತ್ತು. ಇಟ್ರಾ ಡಾಕ್ಟ್ರೇ. ಇಟ್ಟೆ ಅಮ್ಮಾ.

"ಭಾವ, ಕೇಳಿ" ಎಂದಳು ನಾದಿನಿ. ಅವಳ ದನಿ ಮೆತ್ತಗಾಗಿತ್ತು. ಆ ದನಿಯನ್ನು ಅವನು ಅವಳ ತಾಯಿ ತೀರಿಕೊಂಡ ದಿನ ಮಾತ್ರ ಕೇಳಿದ್ದು. "ಈ ಪ್ಲೇಟು ಮೀಟಿಂಗಿಗೆ ಬರಬೇಕಂತಿಲ್ಲ. ಸ್ಯಾಂಪಲ್ ಕೆಟ್ಟಿದೆ, ಇನ್ನೊಂದ್ಸಲ ತಗೋತೀವಿ ಅಂತ ನಾನು ಹೇಳ್ತೀನಿ. ನೀವು ಇವತ್ತೇ ಉಗುರು ತೆಗೆಸ್ಕೊಳ್ಳಿ, ರಜಾ ಹಾಕಿ. ಕೆಲಸ ಆಗೋದು ಮುಖ್ಯ. ಊರಿಗೆಲ್ಲ ಡಂಗೂರ ಸಾರೋದ್ರಿಂದ ಯಾರಿಗೇನು ಲಾಭ? ಅಕ್ಕನ ಮುಖ ನೋಡಿ ಹೇಳ್ತಿದೀನಿ."

ಅವನು ಪ್ಲೇಟನ್ನೇ ನೋಡುತ್ತಿದ್ದ. ನಾಚಿಕೆ ಬರಬೇಕಿತ್ತು, ಭಯವಾಗಬೇಕಿತ್ತು, ಪೋಸ್ಟ್‌ಮ್ಯಾನಿನ ಮಗನ ಹೆಗಲು ನೆನಪಾಗಬೇಕಿತ್ತು. ಎಲ್ಲವೂ ಬಂದವು, ಆದರೆ ಸ್ವಲ್ಪ ತಡವಾಗಿ. ಮೊದಲು ಬಂದದ್ದು, ಥೂ ಎನ್ನುವಂಥ ಒಂದು ಹೆಮ್ಮೆ: ಎಷ್ಟು ಸ್ಪಷ್ಟವಾಗಿ ಬಂದಿದೆ ನನ್ನ ಹೆಬ್ಬೆರಳು. ನಾದಿನಿ ಹೇಳುತ್ತಿದ್ದ ಚೌಕಟ್ಟು ಇದೇ, ದುಂಡಗಿದೆ ಅಷ್ಟೆ. ಆ ಯೋಚನೆಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಎನಿಸಿತು. ಹೊಡೆದುಕೊಳ್ಳಲಿಕ್ಕೂ ಇದೇ ಕೈ.

"ಕೊಡು ಇಲ್ಲಿ" ಎಂದು ಪ್ಲೇಟು ತೆಗೆದುಕೊಂಡ. ಎಡಗೈಯಿಂದ.

ಲ್ಯಾಬಿನಿಂದ ಮೀಟಿಂಗ್ ಕೋಣೆಗೆ ಉದ್ದನೆಯ ಕಾರಿಡಾರು. ಬಲಗೈಯನ್ನು ಕೋಟಿನ ಜೇಬಿಗೆ ತುರುಕಿ ನಡೆದ. ದಾರಿಯಲ್ಲಿ ಯಾರೋ ನಮಸ್ಕಾರ ಸಾರ್ ಎಂದರು, ತಲೆ ಅಲ್ಲಾಡಿಸಿದ. ಜೇಬಿನ ಒಳಗೆ ಹೆಬ್ಬೆರಳು ಬೇರೆಯವರದೆನಿಸಿ ಬಿಸಿಯಾಗಿತ್ತು. ಎಷ್ಟು ಹಣೆಗಳು. ಎಷ್ಟು ಬಾಯಿಯ ಅಂಚುಗಳು. ಸ್ಯಾಂಪಲ್ ಕೆಟ್ಟಿದೆ ಎನ್ನುವುದು ಎಷ್ಟು ಸುಲಭದ ಮಾತು. ಹಾಗೆಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ಅವನ ಕೈಯ ಬಗ್ಗೆ ಯಾರು ಕೇಳುತ್ತಾರೆ. ಉಗುರು ತೆಗೆಸಿ, ಹಲ್ಲು ಕೀಳಿಸಿಕೊಂಡವನ ಹಾಗೆ ಎರಡು ವಾರ ಬಿಟ್ಟು ಬಂದರೆ ಬೇಸಿನ್ನಿನ ಮುಂದೆ ಮತ್ತೆ ಸಾಲು ನಿಲ್ಲುತ್ತದೆ. ರೋಗಾಣು ಹೇಗೋ ಬಂದಿತ್ತು, ಹೇಗೋ ಹೋಯಿತು. ಎಲ್ಲರೂ ಮನಸ್ಸಿನಲ್ಲೇ ಬಣ್ಣದ ಸಿಸ್ಟರನ್ನು ನೆನೆಯುತ್ತಾರೆ. ಇಲ್ಲಿಗೆ ಬಂದಾಗ ಅವನ ಹೆಜ್ಜೆ ತಡೆಯಿತು. ಅವನನ್ನು ತಡೆದದ್ದು ನ್ಯಾಯ ಧರ್ಮ ಎಂಥದೂ ಅಲ್ಲ. ಅಂಥ ದೊಡ್ಡ ಮಾತುಗಳಿಗೆ ಅವನು ಬಗ್ಗುವ ಜಾತಿಯೇ ಅಲ್ಲ. ತನ್ನ ಕೈಯನ್ನು ಇನ್ನೊಬ್ಬರು ಕನಿಕರಪಟ್ಟು ಬಚ್ಚಿಡುವುದು ಎಂದರೇನು? ಅದೂ ನಾದಿನಿ, ಅದೂ ಅಕ್ಕನ ಮುಖ ನೋಡಿ. ಮೆಚ್ಚಿಸಿಕೊಳ್ಳುವಾಗ ಎಲ್ಲರೆದುರು ನೀಡಿದ ಕೈಯನ್ನು ಈಗ ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಅವನಿಂದ ಆಗದ ಕೆಲಸ. ಜೇಬಿನಿಂದ ಕೈ ಹೊರಗೆ ತೆಗೆದ.

ಮೀಟಿಂಗ್ ಮೇಜಿನ ಮೇಲೆ ಬಣ್ಣದ ಸಿಸ್ಟರ್ ಪ್ಲೇಟುಗಳನ್ನು ಜೋಡಿಸುತ್ತಿದ್ದಳು. ಹೊಸ ಡಾಕ್ಟರುಗಳು, ನರ್ಸುಗಳು, ನೆಲ ಒರೆಸುವವರು ಎಲ್ಲ ಮೇಜಿನ ಸುತ್ತ ಕುತ್ತಿಗೆ ಚಾಚಿ ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು. ಎಲ್ಲರ ಮೈಮೇಲೂ ಇರುವ ಸಾಧು ಜೀವಾಣುಗಳ ಚುಕ್ಕೆಗಳೇ ಎಲ್ಲದರಲ್ಲಿ. ಅವಳ ಪ್ಲೇಟಿನಲ್ಲಿ ಅದೂ ಹೆಚ್ಚಿರಲಿಲ್ಲ. ಬೆಳಗಿದ ಗಾಜಿನಷ್ಟು ಖಾಲಿ. ಅವಳು ಅದನ್ನು ಮುಂದಕ್ಕಿಡದೆ ಬೇರೆಯವರ ನಡುವೆ ಸೇರಿಸಿಬಿಟ್ಟಿದ್ದಳು. ತಾನಾಗಿದ್ದರೆ ಖಂಡಿತ ಮುಂದಕ್ಕಿಡುತ್ತಿದ್ದೆ ಎಂದುಕೊಂಡ.

"ಸರ್, ನಿಮ್ಮದೊಂದು ಬಂದಿಲ್ಲ. ಲ್ಯಾಬಿನೋರು ಮರೆತಿರ್ಬೇಕು" ಎಂದಳು.

"ಮರೆತಿಲ್ಲ" ಎಂದು ತನ್ನ ಪ್ಲೇಟನ್ನು ಎಲ್ಲದರ ನಡುವೆ ಇಟ್ಟ. "ಇದು ನನ್ನ ಕೈ. ಟೈಲರ್‌ಗೆ ಬಂದಿರೋದು, ಪೋಸ್ಟ್‌ಮ್ಯಾನ್‌ಗೆ ಬಂದಿದ್ದು ಇದೇ. ಇಲ್ಲಿ, ಈ ಉಗುರಿನ ಕೆಳಗಿತ್ತು." ಬಲಗೈಯನ್ನು ಮೇಲೆತ್ತಿ ಹೆಬ್ಬೆರಳು ತೋರಿಸಿದ. ಹೊಸ ಡಾಕ್ಟರುಗಳಲ್ಲಿ ಒಬ್ಬ, ಅವನನ್ನು ಉಳಿಸಲೆಂದೇ, ಲ್ಯಾಬಿನಲ್ಲಿ ಅದಲುಬದಲಾಗಿರಬಹುದಲ್ವಾ ಸರ್ ಎಂದ. "ಲ್ಯಾಬಿನಲ್ಲಿರೋದು ನನ್ನ ನಾದಿನಿ ಕಣಯ್ಯಾ. ಇಪ್ಪತ್ತು ವರ್ಷದಿಂದ ನನ್ನ ತಪ್ಪು ಹುಡುಕ್ತಾ ಇದಾಳೆ, ಸಿಕ್ಕಿದಾಗ ಅದಲುಬದಲು ಮಾಡ್ತಾಳಾ" ಎಂದ. ಯಾರೋ ನಕ್ಕು ಅರ್ಧಕ್ಕೇ ನಿಲ್ಲಿಸಿದರು. ಎತ್ತಿದ ಕೈಯನ್ನು ಇಳಿಸಬೇಕೆಂದು ಅವನಿಗೆ ತೋಚಲೇ ಇಲ್ಲ. ಹಾಗೇ ಎತ್ತಿಕೊಂಡು ನಿಂತಾಗ, ಆ ದಿನ ಆ ಹುಡುಗಿ ಕೈ ಇಳಿಸದೆ ಯಾಕೆ ನಿಂತಿದ್ದಳೆಂದು ಗೊತ್ತಾಯಿತು. ಯಾರಾದರೂ ಇಳಿಸು ಅನ್ನಬೇಕು, ಅಲ್ಲಿಯತನಕ ಅದು ನಮ್ಮ ಕೈಯಾಗಿರುವುದಿಲ್ಲ.

ಬಣ್ಣದ ಸಿಸ್ಟರ್ ಆ ಕೈಯನ್ನು ನೋಡಿದಳು. "ಇಳಿಸಿ ಸರ್" ಎಂದಳು.

ಇಳಿಸಿದ. "ಅವತ್ತು ನಿನ್ನ ಉಗುರಿಗೆ ನಾನು ಅಂದಿದ್ದು ನೆನಪಿದ್ಯಾ? ಅದನ್ನ ಇವತ್ತು ನೀನು ನನಗೆ ಹೇಳು. ಎಲ್ಲರೂ ಕೇಳ್ಲಿ." ಇದನ್ನು ಹೇಳುವಾಗಲೂ ತಾನು ದೊಡ್ಡ ಮನುಷ್ಯ ಎನಿಸುತ್ತಿತ್ತು ಅವನಿಗೆ.

"ಅದು ನಾನು ಹೇಳಲ್ಲ ಸರ್. ಆ ಮಾತು ಚೆನ್ನಾಗಿರ್ಲಿಲ್ಲ." ಅವಳು ಪ್ಲೇಟನ್ನು ಎತ್ತಿ ರೋಗಾಣು ಕಸದ ಡಬ್ಬಿಯ ಹತ್ತಿರ ಬೇರೆಯಾಗಿ ಇಟ್ಟು, ಕೈಗೆ ಸ್ಪಿರಿಟ್ ಸವರಿಕೊಂಡು ಬಂದಳು. ಬೆರಳ ಸಂದಿ, ಅಂಗೈ, ಹೆಬ್ಬೆರಳು, ಮಣಿಕಟ್ಟು, ಅವನದೇ ಕ್ರಮ. "ಆದ್ರೆ ಸರ್, ಇವತ್ತಿಂದ ನೀವು ಒಳಗೆ ಬರೋ ಹಾಗಿಲ್ಲ. ಉಗುರು ತೆಗೆಸ್ಕೊಂಡು, ಗಾಯ ಮಾಗಿ, ಮತ್ತೆ ಕೈ ಒತ್ತಿ ಪ್ಲೇಟು ಖಾಲಿ ಬರೋತನಕ. ಏನಾದ್ರೂ ಹೇಳೋದಿದ್ರೆ ಗಾಜಿನ ಹೊರಗಡೆಯಿಂದ ಫೋನಲ್ಲಿ ಹೇಳಿ."

"ನನ್ನ ಐಸಿಯುಗೆ ನಾನು ಬರೋದನ್ನ ಯಾರು ತಡೀತಾರೆ?" ಹಳೆಯ ಸಿಟ್ಟು, ಬಾಯಿಯಿಂದ ತಾನಾಗಿ ಜಾರಿತು.

"ನಾನೇ ಸರ್. ನೀವೇ ಹೇಳ್ಕೊಟ್ಟಿದ್ದಲ್ವಾ, ಕೈ ಕ್ಲೀನ್ ಇಲ್ದೋರು ಯಾರೇ ಆಗ್ಲಿ ಬಾಗಿಲಲ್ಲೇ ನಿಲ್ಸು ಅಂತ."

ಮುಖಕ್ಕೆ ರಕ್ತ ಏರಿತು. ಎಲ್ಲರೂ ನೋಡುತ್ತಿದ್ದರು. ಅಷ್ಟು ಜನರೆದುರು ಅವನನ್ನು ಯಾರೂ ಯಾವತ್ತೂ ತಡೆದಿರಲಿಲ್ಲ. ಆ ಅವಮಾನದ ಅಡಿಯಿಂದಲೇ, ತಡೆಯಲಾಗದೆ, ಎದೆ ಉಬ್ಬಿ ಬಂತು: ನೋಡಿ ಹೇಗೆ ನಿಂತಿದ್ದಾಳೆ, ನನ್ನ ಐಸಿಯು ಹುಡುಗಿ. ಸರಿ ಎಂದು ಹೊರಗೆ ಬಂದ.

ಕುರ್ಚಿಯಲ್ಲಿದ್ದ ಟೈಲರಳ ಅತ್ತೆ ಅವನನ್ನು ಕಂಡು ಎದ್ದಳು. ಜ್ವರ ಮತ್ತೆ ಏರಿದೆಯಂತೆ, ಒಳಗಿನವರು ಹೇಳಿದರು, ಇನ್ನೊಂದ್ಸಲ ಕೈ ಇಟ್ಟುಬಿಡಿ ಎಂದಳು. ಅವನು ಅವಳನ್ನು ಕೂರಿಸಿ, ಎದುರಿಗೆ ತಾನು ನಿಂತು, ಹೇಳಿದ. ವೈದ್ಯರು ಬಳಸುವ ಮಾತುಗಳೆಲ್ಲ ನಾಲಿಗೆಗೆ ಬಂದವು, ಒಂದನ್ನೂ ಬಳಸಲಿಲ್ಲ. "ನಿಮ್ಮ ಸೊಸೆಗೆ ಈ ರೋಗ ಹತ್ತಿದ್ದು ನನ್ನ ಕೈಯಿಂದ ಅಮ್ಮಾ. ಈ ಉಗುರಿನಲ್ಲಿತ್ತು. ನನಗೆ ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೋಬೇಕಿತ್ತು." ಅವಳು ಅವನ ಕೈಯನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ದಿನಾ ಕೇಳಿ ಕೇಳಿ ಇಡಿಸಿದ್ದು ನಾನೇ ಅಲ್ವಾ" ಎಂದಳು. "ನಿಮ್ಮದೇನೂ ತಪ್ಪಿಲ್ಲಮ್ಮಾ" ಎಂದ. ಅವಳು ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

ಉಗುರು ತೆಗೆದದ್ದು ಅವನಿಗಿಂತ ಬಹಳ ಚಿಕ್ಕ ಸರ್ಜನ್. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ನಾನು ಅವತ್ತೇ ಹೇಳಿದ್ದೆ ಎನ್ನಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು. ಬ್ಯಾಂಡೇಜು ಸುತ್ತಿದ ಹೆಬ್ಬೆರಳು ಹೊತ್ತು ದಿನವೂ ಬಂದು ಐಸಿಯು ಗಾಜಿನ ಹೊರಗೆ ನಿಲ್ಲುತ್ತಿದ್ದ. ಫೋನಿನಲ್ಲಿ ಮೂತ್ರ ಎಷ್ಟು ಬಂತು, ಕಿಡ್ನಿ ಹೇಗಿದೆ, ಡೋಸು ಇಳಿಸಿ, ಇಳಿಸಬೇಡಿ ಎನ್ನುತ್ತಿದ್ದ. ಪೋಸ್ಟ್‌ಮ್ಯಾನಿನ ಮಗನ ಮನೆಗೂ ಹೋಗಿ ಇದೇ ಮಾತು ಹೇಳಿ ಬಂದ. ಆತ ಬಾಗಿಲು ಪೂರ್ತಿ ತೆರೆಯದೆಯೇ ಕೇಳಿಸಿಕೊಂಡು ಮುಚ್ಚಿದ. ಗಾಜಿನ ಎದುರು ಅತ್ತೆಯೂ ನಿಂತಿರುತ್ತಿದ್ದಳು. ಅವನು ಒಂದು ತುದಿ, ಅವಳು ಒಂದು ತುದಿ. ಟೈಲರಳ ಕಿಡ್ನಿ ಒಮ್ಮೆ ಕೈಕೊಡುವ ಹಾಗೆ ಮಾಡಿ, ಮತ್ತೆ ದಾರಿಗೆ ಬಂತು. ಪಕ್ಕದ ಹಾಸಿಗೆಯವರು ಅವಳಿಗಿಂತ ಮೊದಲೇ ವಾರ್ಡಿಗೆ ಹೋದರು. ಹೊಸದಾಗಿ ಯಾರಿಗೂ ಅದು ಹತ್ತಲಿಲ್ಲ. ಹತ್ತಲಿಲ್ಲ ಎನ್ನುವ ಸಮಾಧಾನವೇ ಅವನ ವಿರುದ್ಧದ ಸಾಕ್ಷಿಯೂ ಆಗಿತ್ತು, ಅವನು ಎರಡನ್ನೂ ಒಟ್ಟಿಗೇ ಹೊತ್ತುಕೊಂಡ.

ಒಂದು ಬೆಳಿಗ್ಗೆ ಗಾಜಿನ ಆಚೆ ಬಣ್ಣದ ಸಿಸ್ಟರ್ ಬೇಸಿನ್ನಿನ ಮುಂದೆ ನಿಂತಿದ್ದಳು. ಅವಳ ಹಿಂದೆ ಹೊಸಬರ ಸಾಲು. ಅವಳು ನಿಧಾನ ಮಾಡಲಿಲ್ಲ, ತೋರಿಸಿಕೊಳ್ಳಲಿಲ್ಲ. ಬಟ್ಟೆ ಒಗೆಯುವವರ ಹಾಗೆ ತಿಕ್ಕಿ ತೊಳೆದು ಮುಗಿಸಿದಳು. ಟೈಲರಳ ಹತ್ತಿರ ಹೋಗಿ ಅಂಗೈಯನ್ನು ಅವಳ ಹಣೆಯ ಮೇಲಿಟ್ಟಳು. ಅಂಟುಪಟ್ಟಿಯನ್ನು ಮುಟ್ಟಲಿಲ್ಲ. ಟೈಲರ್ ಕಣ್ಣು ಬಿಟ್ಟು, ಎಡಗೈ ಎತ್ತಿ, ಆ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡಳು. ಸಿಸ್ಟರ್ ಗಾಜಿನ ಕಡೆ ತಿರುಗಿ, ಜ್ವರ ಇಳಿದಿದೆ ಎಂದು ತಲೆಯಾಡಿಸಿದಳು.

ಅತ್ತೆ ಇಷ್ಟು ದಿನದಲ್ಲಿ ಮೊದಲ ಸಲ, ಅವನಿಗೆ ಚೆನ್ನಾಗಿ ಕಾಣಲಿ ಎಂದು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಆ ಹುಡುಗೀದು ಒಳ್ಳೇ ಕೈಗುಣ" ಎಂದಳು, ಗಾಜಿಗೆ ಹೇಳಿದಂತೆ.

ಬಾಯಿಗೆ ಬಂದ ಮಾತನ್ನು ಅವನು ನುಂಗಿಕೊಳ್ಳಬೇಕೆಂದುಕೊಂಡ, ಆಗಲಿಲ್ಲ.

"ಕೈ ತೊಳೆಯೋದು ಕಲಿಸಿದ್ದು ನಾನು" ಎಂದ.

ಅವಳು ತಿರುಗಿ ಅವನ ಬ್ಯಾಂಡೇಜು ನೋಡಿದಳು, ಮುಖ ನೋಡಿದಳು.

"ಕಲಿತಿದ್ದು ಅವಳು ತಾನೆ" ಎಂದಳು.

"ಹೂಂ" ಎಂದ ಅವನು. "ಅವಳೇ."